ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದೇ?

ಪ್ರಶ್ನೆ: ವಿಜಯಪುರದಲ್ಲಿರುವ ನನ್ನ ಸಣ್ಣ ಮನೆಯ ಬಾಡಿಗೆದಾರ ಬಾಡಿಗೆ ಕೊಡುತ್ತಿಲ್ಲ. ಬಿಡು ಎಂದರೆ, “12 ವರ್ಷ ತುಂಬಿದ್ರ ಮನಿ ನಂದ ಆಗತೈತಿ” ಅನ್ನುತ್ತಾನೆ. ಹೌದೇ?
– ಓದುಗರೊಬ್ಬರು, ತಿಕೋಟಾ

ಉತ್ತರ: ಇಲ್ಲ ತಾಯಿ, ಹೆದರಬೇಡಿ. ನಿಮ್ಮ ಒಪ್ಪಿಗೆಯಿಂದ ಒಳಬಂದವನು ಎಷ್ಟು ವರ್ಷ ಬಾಡಿಗೆಗಿದ್ದರೂ ಬಾಡಿಗೆದಾರನೇ. ಆದರೆ ಬಾಡಿಗೆ ಕರಾರು ಕೊನೆಗೊಂಡ ಮೇಲೆ ಮನೆ ಬಿಡಿಸಲು ದಾವೆ ಹೂಡುವುದಕ್ಕೆ 12 ವರ್ಷದ ಗಡುವಿದೆ. ಬಾಕಿ ಬಾಡಿಗೆಗಂತೂ 3 ವರ್ಷ ಮಾತ್ರ. ಬಬಲೇಶ್ವರ, ತಿಕೋಟಾ ಕಡೆಯಿಂದ ದ್ರಾಕ್ಷಿಯ ದುಡ್ಡು ಕೂಡಿಟ್ಟು ಶಹರದಲ್ಲಿ ಮನೆ ಕಟ್ಟಿದವರು ಸಂಕೋಚದಿಂದ ಸುಮ್ಮನಿದ್ದು ಕಳೆದುಕೊಳ್ಳುವುದು ಈ ಬಾಕಿಯನ್ನೇ.

ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ್ದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸದು. ಆಗ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ, ತಿಂಗಳ ಲೆಕ್ಕದ ಬಾಡಿಗೆಗೆ 15 ದಿನಗಳ ಲಿಖಿತ ನೋಟಿಸು ಕೊಟ್ಟು ಸಿವಿಲ್ ಕೋರ್ಟಿಗೆ ಹೋಗಬೇಕು. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ಸ್ವೀಕೃತಿ ಚೀಟಿ ಜೋಪಾನ ಮಾಡಿ.

ಸಿಟ್ಟಿನಲ್ಲಿ ಬೀಗ ಜಡಿಯುವುದು, ಸಾಮಾನು ಹೊರಗೆಸೆಯುವುದು ಮಾತ್ರ ಬೇಡ. ಹಾಗೆ ಹೊರಹಾಕಿದರೆ ಅವನೇ 6 ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಬರಬಹುದು. ವಕೀಲರ ಖರ್ಚಿಗೆ ಹಿಂಜರಿಯಬೇಡಿ: ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಉಚಿತ ನೆರವು ಸಿಗುತ್ತದೆ.