ಮೂಲ ಖರೀದಿ ಪತ್ರವೇ ಏಕೆ ಬೇಕು?

ಪ್ರಶ್ನೆ: ಗೃಹಸಾಲಕ್ಕೆ ಸಹಿ ಮಾಡಲು ಹೋದಾಗ ಬ್ಯಾಂಕಿನವರು ಮೂಲ ಖರೀದಿ ಪತ್ರವನ್ನೇ ಇಟ್ಟುಕೊಂಡರು. ಝೆರಾಕ್ಸ್ ಸಾಲದೇ?
– ಓದುಗರೊಬ್ಬರು, ನವನಗರ, ಹುಬ್ಬಳ್ಳಿ

ಉತ್ತರ: ಸಾಲದು. ಆ ಮೂಲ ಕಾಗದ ಒಪ್ಪಿಸುವುದೇ ಅಡಮಾನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 58(ಎಫ್) ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಬ್ಯಾಂಕು ಇದನ್ನು ‘ಸೆರ್ಸಾಯ್’ ಎಂಬ ಕೇಂದ್ರ ನೋಂದಣಿಯಲ್ಲೂ ದಾಖಲಿಸುತ್ತದೆ. ಒಂದೇ ಮನೆ ತೋರಿಸಿ ಹಲವು ಬ್ಯಾಂಕುಗಳಲ್ಲಿ ಸಾಲ ಎತ್ತುವ ಚಾಲಾಕಿಗಳನ್ನು ತಡೆಯಲು 2011ರಲ್ಲಿ ಬಂದ ವ್ಯವಸ್ಥೆ ಅದು.

ನಮ್ಮ ಅವಳಿ ನಗರದಲ್ಲಿ ತೊಡಕಾಗುವುದು ಹಳೇ ಓಣಿಗಳ ಮನೆಗಳಿಗೆ. ಸಿಟಿ ಸರ್ವೆ ಉತಾರದಲ್ಲಿ ಇನ್ನೂ ಅಜ್ಜನ ಹೆಸರು, ಪಾಲಿಕೆಯ ಕರ ರಸೀದಿಯಲ್ಲಿ ಮಗನದು, ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ಲೇ ಬೇರೆ! ಇಂಥಲ್ಲಿ ಬ್ಯಾಂಕಿನ ವಕೀಲರು ವಾರಸಾ ದಾಖಲೆ, ವಾಟ್ನಿ ಪತ್ರ ಕೇಳದೆ ಬಿಡುವುದಿಲ್ಲ. ಅದು ಕಿರುಕುಳವಲ್ಲ, ನಾಳೆ ಅಣ್ಣತಮ್ಮಂದಿರು ಕೋರ್ಟಿಗೆ ಹೋದರೆ ಮುಳುಗುವುದು ನಿಮ್ಮ ಮನೆಯೂ ಹೌದು.

ಸಹಿ ಹಾಕುವ ದಿನ ಮಾತ್ರ ಗಡಿಬಿಡಿ ಬೇಡ. ಪೆನ್ಸಿಲ್ ಗುರುತು ಹಾಕಿದಲ್ಲೆಲ್ಲ ಸಹಿ ಗೀಚುತ್ತಾ ಹೋಗುವವರೇ ಹೆಚ್ಚು. ಬಡ್ಡಿ ದರ, ಕಂತಿನ ಜಾಗ ಖಾಲಿ ಇದ್ದರೆ ‘ತುಂಬಿ ಕೊಡ್ರಿ ಸಾಹೇಬ್ರ’ ಅನ್ನಿ; ಮ್ಯಾನೇಜರ್ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಕೊಟ್ಟ ಮೂಲ ಪತ್ರಗಳ ಯಾದಿಯನ್ನು ನೋಂದಣಿ ಸಂಖ್ಯೆ, ಪುಟಗಳ ಲೆಕ್ಕ ಸಹಿತ ಬರೆಸಿ, ಮೊಹರು ಹಾಕಿಸಿಕೊಳ್ಳಿ.

ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವನ್ನು ವಾಪಸು ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ. ತಡ ಬ್ಯಾಂಕಿನದಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರವನ್ನು ಅವರೇ ಕಳೆದಿದ್ದರೆ ನಕಲು ತೆಗೆಸಲು ನೆರವಾಗಿ, ಅದರ ಖರ್ಚನ್ನೂ ಅವರೇ ಭರಿಸಬೇಕು.