ವಾಲಿಯ ಕಣ್ಣು ಯಾರ ಮೇಲೆ?

ಟ್ಯಾಂಕ್ ಎಂದರೆ ಕಾಸರಗೋಡಿನವರಾದ ನಮಗೆ ಮೊದಲು ನೆನಪಾಗುವುದು ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕ್. ಅಕ್ಕನ ಮಗ "ನಾನು ಟ್ಯಾಂಕ್ ಆಡುವುದು ಮಾವ" ಎಂದಾಗ ನನ್ನ ಕಣ್ಣಿಗೆ ಕಟ್ಟಿದ್ದೂ ಅದೇ. ಆನ್‌ಲೈನ್ ರೋಲ್ ಪ್ಲೇಯಿಂಗ್ ಆಟಗಳಲ್ಲಿ ಟ್ಯಾಂಕ್ ಎಂದರೆ ರಾಕ್ಷಸನ ಏಟುಗಳನ್ನು ತನ್ನ ಮೈಮೇಲೆ ಎಳೆದುಕೊಳ್ಳುವ ವೇಷ. ಉಳಿದವರಲ್ಲಿ ಕೆಲವರು ಹೊಡೆಯುತ್ತಾರೆ, ಒಬ್ಬ ಹೀಲರ್ ಗಾಯ ಮಾಯಿಸುತ್ತಾನೆ. 1999ರ ಎವರ್‌ಕ್ವೆಸ್ಟ್ ಮತ್ತು 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಈ ಮೂರು ಪಾತ್ರಗಳ ಕಟ್ಟನ್ನು ಮನೆಮಾತಾಗಿಸಿದವು.

ದಪ್ಪ ಚರ್ಮದವನೇ ಒಳ್ಳೆಯ ಟ್ಯಾಂಕ್ ಎನ್ನುವುದು ಈ ಪಾತ್ರದ ಬಗೆಗಿನ ತಪ್ಪು ನಂಬಿಕೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು. ಇದನ್ನು ಒಡೆಯಲು ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ನಿಂತಿರುವ ವಾಲಿಸಂಹಾರದ ಕಥೆ ಸಾಕು. ಸುಗ್ರೀವ ವಾಲಿಗೆ ಯಾವ ಲೆಕ್ಕದಲ್ಲೂ ಸಮನಲ್ಲ. ಎದುರಾದವರ ಅರ್ಧ ಬಲ ವಾಲಿಗೇ ಹೋಗುತ್ತದೆ ಎಂದೂ ನಮ್ಮಲ್ಲಿ ಹೇಳುತ್ತಾರೆ. ಸುಗ್ರೀವನ ಕೆಲಸ ಗೆಲ್ಲುವುದಲ್ಲ. ಕಿಷ್ಕಿಂಧೆಯ ಬಾಗಿಲಲ್ಲಿ ಅಬ್ಬರಿಸಿ, ಅಣ್ಣನನ್ನು ಹೊರಗೆಳೆದು, ಅವನ ಕಣ್ಣು ರಾಮ ಬಾಣ ಹಿಡಿದು ನಿಂತ ಮರದ ಮರೆಯ ಕಡೆ ಹೊರಳದಂತೆ ಹಿಡಿದಿಡುವುದು. ಮೊದಲ ಸಲ ರಾಮನಿಗೆ ಯಾರು ಯಾರೆಂದು ತಿಳಿಯದೆ ಬಾಣ ಬಿಡಲಾಗಲಿಲ್ಲ, ಸುಗ್ರೀವ ಪೆಟ್ಟು ತಿಂದು ಓಡಿದ. ಎರಡನೆಯ ಸಲ ಕೊರಳಿಗೆ ಮಾಲೆ ಬಿತ್ತು. ಆಟದಲ್ಲಿ ತಲೆಯ ಮೇಲೆ ನಕ್ಷತ್ರದ ಗುರುತು ಇಡುತ್ತಾರಲ್ಲ, ಥೇಟ್ ಅದೇ. ಮರೆಯಿಂದ ಕೊಂದದ್ದು ಧರ್ಮವೇ ಎಂಬ ವಾದವನ್ನು ತಾಳಮದ್ದಳೆಯವರಿಗೆ ಬಿಡೋಣ. ಅವರಿಗೆ ಒಂದು ರಾತ್ರಿ ಸಾಲದು.

ರಾಕ್ಷಸನಿಗೆ ಸಿಟ್ಟು ಬರುತ್ತದೆ, ಸಿಟ್ಟು ಬರಿಸಿದವನ ಮೇಲೆ ಬೀಳುತ್ತಾನೆ ಎಂದು ಆಡುವವರು ಮಾತಾಡುತ್ತಾರೆ. ಅವನಿಗೆ ಸಿಟ್ಟಿಲ್ಲ, ಲೆಕ್ಕದ ಪುಸ್ತಕವಿದೆ. ಯಾರು ಏನು ಮಾಡಿದರೂ ಅವರ ಹೆಸರಿನ ಮುಂದೆ ಅಂಕ ಏರುತ್ತದೆ. ಅದಕ್ಕೆ ಥ್ರೆಟ್ ಎಂದು ಹೆಸರು. ವಾರ್‌ಕ್ರಾಫ್ಟ್‌ನ ಹಳೆಯ ನಿಯಮದಲ್ಲಿ ಮುಂದಿದ್ದವನನ್ನು ಬರೀ ದಾಟಿದರೆ ಸಾಲದು. ಟ್ಯಾಂಕ್‌ಗೆ 1000 ಅಂಕವಿದ್ದರೆ, ಹತ್ತಿರ ನಿಂತು ಕತ್ತಿ ಬೀಸುವವನು 1100 ಮೀರಬೇಕು, ದೂರದ ಬಿಲ್ಲುಗಾರ 1300 ಮೀರಬೇಕು. ಆಮೇಲಷ್ಟೇ ರಾಕ್ಷಸ ತಿರುಗುತ್ತಾನೆ. ರಾಮ ದೂರದಲ್ಲೇ ನಿಂತದ್ದು ಲಾಭವೇ ಆಯಿತು!

ಹಾಗಾದರೆ ಒಮ್ಮೆ ಕೆಣಕಿದರೆ ಮುಗಿಯಿತಲ್ಲ? ಇಲ್ಲ. ಟಾಂಟ್ ಎಂಬ ಆ ಮೂದಲಿಕೆಯ ಬಟನ್ ಒತ್ತಿದರೆ ಟ್ಯಾಂಕ್‌ನ ಅಂಕ ಆಗಿನ ಗರಿಷ್ಠ ಅಂಕಕ್ಕೆ ಸಮನಾಗುತ್ತದೆ, ರಾಕ್ಷಸ 3 ಸೆಕೆಂಡು ಅವನಿಗೇ ಹೊಡೆಯುತ್ತಾನೆ. ಆ 3 ಸೆಕೆಂಡಿನಲ್ಲಿ ಹೊಸ ಅಂಕ ದುಡಿಯದಿದ್ದರೆ ಕೆಣಕಿದ್ದು ವ್ಯರ್ಥ. ಹೊಡೆಯದ ಹೀಲರ್ ಸುರಕ್ಷಿತ ಎಂಬುದೂ ಸುಳ್ಳು. ವಾಸಿ ಮಾಡಿದ ಪ್ರತಿ 2 ಅಂಕಕ್ಕೆ 1 ಥ್ರೆಟ್ ಅವನ ಖಾತೆಗೂ ಬೀಳುತ್ತದೆ, ಎದುರಿಗಿರುವ ಶತ್ರುಗಳಿಗೆಲ್ಲ ಹಂಚಿಕೊಂಡು. ಟ್ಯಾಂಕ್ ಇನ್ನೂ ಮುಟ್ಟದ ಶತ್ರುವೊಂದು ಪಕ್ಕದಲ್ಲಿದ್ದರೆ ಅದು ನೆಟ್ಟಗೆ ಹೀಲರ್ ಕಡೆಗೇ ಓಡುವುದು ಇದರಿಂದ.

ನನಗೆ ಬಹಳ ಇಷ್ಟವಾದ ತಪ್ಪು ಕಲ್ಪನೆ ಕವಚದ್ದು. ಕವಚ ಹೆಚ್ಚಿಸುತ್ತಾ ಹೋದಂತೆ ಲಾಭ ಕಡಿಮೆಯಾಗುತ್ತದೆ ಎಂದು ಲೆಕ್ಕ ಬಲ್ಲವರೂ ಹೇಳುತ್ತಾರೆ. ಅದೇ ಹಳೆಯ ಆಟದಲ್ಲಿ 60ನೇ ಮಟ್ಟದ ಶತ್ರುವಿನ ಎದುರು 5500 ಕವಚ ಏಟಿನ ಶೇ. 50ನ್ನು ತಡೆಯುತ್ತದೆ, 11000 ಶೇ. 66.7ನ್ನು, 16500 ಶೇ. 75ನ್ನು. ಶೇಕಡಾ ನೋಡಿದರೆ ಮೊದಲು 50, ಆಮೇಲೆ 17, ಆಮೇಲೆ 8. ಮೋಸ ಹೋದಂತೆ ಕಾಣುತ್ತದೆ. ಆದರೆ ಎಷ್ಟು ಹೊತ್ತು ಬದುಕಿದೆ ಎಂದು ಕೇಳಿ. ಒಳಗೆ ಬರುವ ಏಟು ಅರ್ಧ, ಮೂರನೇ ಒಂದು, ನಾಲ್ಕನೇ ಒಂದು. ಅಂದರೆ ಆಯುಷ್ಯ 2 ಪಟ್ಟು, 3 ಪಟ್ಟು, 4 ಪಟ್ಟು. ಪ್ರತಿ 5500ಕ್ಕೂ ಸಿಕ್ಕಿದ್ದು ಸಮನಾದ ಆಯುಷ್ಯವೇ. ಶೇ. 75 ಮಾತ್ರ ಮೇಲಿನ ಮಿತಿ, ಅಲ್ಲಿಂದಾಚೆ ಕವಚ ಬರೀ ಭಾರ.

ಹಾಗೆಂದು ಕವಚ ಹೆಚ್ಚಾದಷ್ಟೂ ಒಳ್ಳೆಯದೆನ್ನಲೂ ಆಗದು. ಅಂದಿನ ವಾರ್‌ಕ್ರಾಫ್ಟ್‌ನ ವಾರಿಯರ್ ಎಂಬ ಟ್ಯಾಂಕ್‌ಗೆ ರೋಷವೇ ಬಂಡವಾಳ, ಅದರಲ್ಲಿ ಒಂದು ಪಾಲು ಪೆಟ್ಟು ತಿಂದೇ ಹುಟ್ಟಬೇಕು. ಸುಲಭದ ಗುಹೆಗೆ ಭಾರೀ ಕವಚ ತೊಟ್ಟು ಹೋದರೆ ಪೆಟ್ಟು ತಾಗದು, ರೋಷ ಏರದು, ಅಂಕವೂ ಏರದು. ಕೊನೆಗೆ ರಾಕ್ಷಸ ಬಿಲ್ಲುಗಾರನ ಹಿಂದೆ ಓಡುತ್ತಾನೆ, ಅತಿರಥ ನೋಡುತ್ತಾ ನಿಲ್ಲುತ್ತಾನೆ.

ಟ್ಯಾಂಕ್‌ಗಳ ಸಮತೋಲನವೆಂದರೆ ಎಲ್ಲರಿಗೂ ಒಂದೇ ಬಲ ಕೊಡುವುದು ಎಂದುಕೊಂಡವರು ಇದನ್ನು ಗಮನಿಸಬೇಕು. ಗುರಾಣಿಯ ವಾರಿಯರ್, ಕರಡಿಯಾಗುವ ಡ್ರೂಯಿಡ್, ದೈವಬಲದ ಪಾಲಡಿನ್ ಮೂವರೂ ಬದುಕುವ ದಾರಿ ಬೇರೆ, ಅಂಕ ದುಡಿಯುವ ದಾರಿ ಬೇರೆ. 2011ರ ಆಗಸ್ಟ್‌ನಲ್ಲಿ ವಾರ್‌ಕ್ರಾಫ್ಟ್ ತಯಾರಕರು ಟ್ಯಾಂಕ್ ಹೊಡೆತದ ಥ್ರೆಟ್ಟನ್ನು 3 ಪಟ್ಟಿನಿಂದ 5 ಪಟ್ಟಿಗೆ ಏರಿಸಿದರು. ಟ್ಯಾಂಕ್ ಅಂಕ ಕೂಡಿಸುವವರೆಗೆ ಹೊಡೆಯುವವರು ಕೈ ಕಟ್ಟಿ ಕಾಯುವುದು ಯಾರಿಗೂ ಮಜಾ ಕೊಡುತ್ತಿರಲಿಲ್ಲ. ನನಗೆ ಮಾತ್ರ ಆ ಕಾಯುವಿಕೆಯಲ್ಲೇ ಆಟದ ಅರ್ಧ ರುಚಿ ಇತ್ತೆನಿಸುತ್ತದೆ.

ಆಡುವವರಲ್ಲಿ ಇನ್ನೊಂದು ಹುಸಿ ನಂಬಿಕೆಯಿದೆ: ಮನುಷ್ಯರ ಎದುರೂ ಟ್ಯಾಂಕ್ ಹೀಗೆಯೇ ಕೆಲಸ ಮಾಡೀತು ಎಂದು. ಮನುಷ್ಯನಿಗೆ ಲೆಕ್ಕದ ಪುಸ್ತಕವಿಲ್ಲ. ಎಷ್ಟು ಮೂದಲಿಸಿದರೂ ಅವನು ನಿಮ್ಮನ್ನು ಬಿಟ್ಟು ಹೀಲರ್‌ನ ಕುತ್ತಿಗೆಗೇ ಕೈ ಹಾಕುತ್ತಾನೆ. ಕುರುಕ್ಷೇತ್ರದಲ್ಲಿ ಸಂಶಪ್ತಕರಿಗೆ ಅರ್ಜುನನನ್ನು ಕಾಳಗಕ್ಕೆ ಕರೆದು ದೂರ ಒಯ್ಯಲಾದದ್ದು ಕರೆದವರ ಜೊತೆ ಕಾದಲೇಬೇಕೆಂಬ ವ್ರತ ಅವನಿಗಿದ್ದದ್ದರಿಂದ; ಆ ವ್ರತ ಇಲ್ಲಿ ಯಾರಿಗಿದೆ? 2008ರ ವಾರ್‌ಹ್ಯಾಮರ್ ಆನ್‌ಲೈನ್ ಅದಕ್ಕೇ ಬೇರೆ ಉಪಾಯ ಮಾಡಿತು. ಅಲ್ಲಿ ಎದುರಾಳಿಯ ಮೈಯೊಳಗಿಂದ ನುಸುಳುವಂತಿರಲಿಲ್ಲ. ಟ್ಯಾಂಕ್ ಕೋಟೆಯ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ, ಪಕ್ಕದ ಗೆಳೆಯನ ಮೇಲೆ ಬೀಳುವ ಏಟಿನಲ್ಲಿ ಅರ್ಧವನ್ನು ತಾನೇ ಹೊರುತ್ತಿದ್ದ.