ಮಿಲಿಮೀಟರಿನ ಲೆಕ್ಕದಲ್ಲಿ ಕೂರುವ ಚಕ್ರ

ಸಿಂಗಪುರದಲ್ಲಿ ಕಾರು ಕೊಳ್ಳುವವರು ಅದನ್ನು ಇಟ್ಟುಕೊಳ್ಳುವ ಹಕ್ಕುಪತ್ರಕ್ಕೂ ಹರಾಜಿನಲ್ಲಿ ಹಣ ತೆರಬೇಕು. ಸಿಒಇ ಎಂಬ ಈ ಪತ್ರದ ಪದ್ಧತಿ ಬಂದದ್ದು 1990ರಲ್ಲಿ. ಅವಧಿ 10 ವರ್ಷ. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರಿನ ಪತ್ರವೊಂದಕ್ಕೇ 1,50,001 ಸಿಂಗಪುರ ಡಾಲರ್, ಹತ್ತಿರ ಹತ್ತಿರ 90 ಲಕ್ಷ ರೂಪಾಯಿ ಆಗಿತ್ತು. ಇಷ್ಟು ತೆತ್ತು ತಂದ ಕಾರು ಎಲ್ಲರದರಂತೆ ಕಾಣಬಾರದು ಎನ್ನುವ ಹುಡುಗರು ಉಬಿ, ಕಾಕಿ ಬುಕಿಟ್, ಸಿನ್ ಮಿಂಗ್ ಕಡೆಯ ಗ್ಯಾರೇಜುಗಳಿಗೆ ಹೋಗುತ್ತಾರೆ. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿ, ತಮಗೆ ಮೆಚ್ಚಿಗೆಯಾದ ಅಲಾಯ್ ವೀಲ್ ಹಾಕಿಸುತ್ತಾರೆ. ಜಪಾನಿನ ರೇಯ್ಸ್ ಕಂಪನಿ 1996ರಲ್ಲಿ ತಂದ ಆರು ಕಡ್ಡಿಯ ಟಿಇ37ಕ್ಕೆ ಇಂದಿಗೂ ಆಸೆಪಡುವವರಿದ್ದಾರೆ.

ಇದನ್ನು ಬರೀ ಷೋಕಿ ಎಂದು ತಳ್ಳಿಹಾಕುವುದು ಅನ್ಯಾಯ. ಇದು ಅಳತೆಯ ವಿದ್ಯೆ. ಬೋಲ್ಟಿನ ತೂತುಗಳು ಹೊಂದಿದ ಮಾತ್ರಕ್ಕೆ ಚಕ್ರ ಕೂರುವುದಿಲ್ಲ, ಆಫ್‌ಸೆಟ್ ನೋಡಬೇಕು: ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ, ಅಂದರೆ ಚಕ್ರವನ್ನು ಬಿಗಿಯುವ ನಡುಭಾಗಕ್ಕೆ, ಒತ್ತುವ ಮುಖಕ್ಕೂ ಇರುವ ದೂರ. 7 ಇಂಚು ಅಗಲದ, 45 ಮಿ.ಮೀ. ಆಫ್‌ಸೆಟ್ಟಿನ ರಿಮ್ ತೆಗೆದು 8 ಇಂಚಿನ, 35 ಮಿ.ಮೀ. ಆಫ್‌ಸೆಟ್ಟಿನದನ್ನು ಹಾಕಿದರೆ ಹೊರ ಅಂಚು 22.7 ಮಿ.ಮೀ. ಆಚೆ ಬರುತ್ತದೆ; ಒಳ ಅಂಚು 2.7 ಮಿ.ಮೀ. ಒಳಕ್ಕೆ ಸರಿಯುತ್ತದೆ. ತಗ್ಗಿಸಿದ ಕಾರಿನಲ್ಲಿ ಅಷ್ಟು ಸಾಕು, ಹಂಪ್ ಹಾರಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಅದಕ್ಕೇ ಬಲ್ಲ ಮೆಕ್ಯಾನಿಕ್ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದಿನ ಸೀಟಿನಲ್ಲಿ ಜನ ಕೂರಿಸಿ ಓಡಿಸಿ ನೋಡುತ್ತಾನೆ. ರಿಮ್ಮಿನ ನಡುತೂತು ಹಬ್ಬಿಗಿಂತ ದೊಡ್ಡದಾದರೆ ರಿಂಗ್ ಹಾಕುತ್ತಾನೆ, ಇಲ್ಲದಿದ್ದರೆ ವೇಗದಲ್ಲಿ ಸ್ಟೇರಿಂಗ್ ನಡುಗೀತು. ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ, ಒಂದು ಬಿಟ್ಟು ಎದುರಿನದನ್ನು ಬಿಗಿಯುತ್ತಾನೆ.

ಸಿಂಗಪುರದಲ್ಲಿ ಚಕ್ರ ಮಡ್‌ಗಾರ್ಡಿನಿಂದ ಹೊರಚಾಚುವಂತಿಲ್ಲ. 3 ವರ್ಷ ತುಂಬಿದ ಕಾರು 2 ವರ್ಷಕ್ಕೊಮ್ಮೆ, 10 ದಾಟಿದ್ದು ವರ್ಷವರ್ಷವೂ ತಪಾಸಣೆಗೆ ಹೋಗಲೇಬೇಕು. ಅಂಚಿಗೆ ಸಮನಾಗಿದ್ದೂ ಒಳಗೇ ನಿಂತ ಚಕ್ರ ಕಂಡಾಗ ನನಗೆ ಅದನ್ನು ಕೂರಿಸಿದ ಕೈಗಳ ಬಗ್ಗೆ ಗೌರವ ಮೂಡುತ್ತದೆ.

ಫೋಟೊಗೂ ಅದೇ ಶ್ರದ್ಧೆ. ಕ್ಯಾಮೆರಾ ಹಬ್ಬಿನ ಎತ್ತರಕ್ಕೆ ಇಳಿಯಬೇಕು. ಆಗಲೇ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ನಿಜವಾಗಿ ಕಾಣುವುದು. ಮುಂದಿನ ಚಕ್ರವನ್ನು ರಿಮ್ಮಿನ ಮುಖ ಕಾಣುವಂತೆ ತಿರುಗಿಸುತ್ತಾರೆ. ಗಾಜಿನ ಹೊಳಪನ್ನು ಪೋಲರೈಸರ್ ಫಿಲ್ಟರ್ ತಗ್ಗಿಸುತ್ತದೆ. ಭೂಮಧ್ಯರೇಖೆಯ ಹತ್ತಿರದ ಊರು, ವರ್ಷವಿಡೀ 7 ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗಿ ಬೇಗ ಕತ್ತಲಾಗುತ್ತದೆ; ಒಳ್ಳೆಯ ಬೆಳಕು ಸಿಗುವುದು ಸ್ವಲ್ಪವೇ ಹೊತ್ತು.

ನಮ್ಮಲ್ಲಿ ಇದನ್ನು ಮಾಡಿಸುವ ಮನಸ್ಸಿರುವವರು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಬೇಕು. ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಣ ಸುರಿಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.